ನಿದ್ದೆ ಹೇರಿದ ಚಿಕಿತ್ಸೆ

ತೀವ್ರ ಮನೋರೋಗ ಉಲ್ಬಣಿಸಿದಾಗ ಅನೇಕರಲ್ಲಿ ಮೊದಲು ಕೆಡುವುದು ನಿದ್ದೆ. ಹಾಗಾದರೆ ರೋಗಿಯನ್ನು ದಿನಗಟ್ಟಲೆ ಮಲಗಿಸಿಟ್ಟರೆ ರೋಗವೇ ಇಳಿಯಬಹುದಲ್ಲವೆ? ಮೇಲ್ನೋಟಕ್ಕೆ ಸರಿಯೆನ್ನಿಸುವ ಈ ತರ್ಕ ಅನೇಕರ ಪ್ರಾಣ ತೆಗೆದಿದೆ.

ಶಾಂಘೈನಲ್ಲಿದ್ದ ಬ್ರಿಟಿಷ್ ವೈದ್ಯ ನೀಲ್ ಮ್ಯಾಕ್ಲಿಯೋಡ್, ಉನ್ಮಾದ ರೋಗಿಗಳಿಗೆ ಬ್ರೋಮೈಡ್ ಲವಣವನ್ನು ಭಾರಿ ಪ್ರಮಾಣದಲ್ಲಿ ಕೊಟ್ಟು ಮಲಗಿಸಿದ ವಿವರವನ್ನು 1900ರಲ್ಲಿ ಪ್ರಕಟಿಸಿದರು. ಅದಕ್ಕೆ ಹೆಚ್ಚಿನ ಪ್ರಚಾರ ಸಿಗಲಿಲ್ಲ. ಹೆಸರು ಬಂದದ್ದು ಜ್ಯೂರಿಚ್‌ನ ಬುರ್ಗ್‌ಹೋಲ್ಜ್‌ಲಿ ಆಸ್ಪತ್ರೆಯ ಯಾಕೋಬ್ ಕ್ಲೇಸಿ ಅವರಿಗೆ. 1920ರ ದಶಕದ ಆರಂಭದಲ್ಲಿ ಅವರು ಸ್ಕಿಜೋಫ್ರೇನಿಯಾ ರೋಗಿಗಳಿಗೆ ಸೋಮ್ನಿಫೆನ್ ಎಂಬ ಬಾರ್ಬಿಟ್ಯುರೇಟ್ ಮಿಶ್ರಣ ಚುಚ್ಚಿ ಹಲವು ದಿನ ಮಲಗಿಸಿದರು. ನಿದ್ದೆಯೇ ಮದ್ದೆಂದು ಅವರು ಭಾವಿಸಿರಲಿಲ್ಲ ಎಂಬುದು ಕುತೂಹಲದ ಸಂಗತಿ. ಯಾರೊಂದಿಗೂ ಮಾತಾಡದ ರೋಗಿ ಆರೈಕೆಗೆ ಪರಾವಲಂಬಿಯಾದಾಗ ವೈದ್ಯರಿಗೆ ಹತ್ತಿರವಾಗುತ್ತಾನೆ, ಆಗ ಮಾತಿನ ಚಿಕಿತ್ಸೆ ಸಾಧ್ಯ ಎಂಬುದು ಅವರ ಆಶಯ. ಆದರೆ 26 ರೋಗಿಗಳಲ್ಲಿ ಮೂವರು ಸತ್ತರು. ಅಲುಗಾಡದೆ, ಕೆಮ್ಮಲಾಗದೆ ಬಿದ್ದವರ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುವುದು ಈ ಚಿಕಿತ್ಸೆಯ ದೊಡ್ಡ ಅಪಾಯ.

1952ರಲ್ಲಿ ಪ್ಯಾರಿಸ್ಸಿನ ವೈದ್ಯರು ಕ್ಲೋರ್‌ಪ್ರೊಮಜೀನ್ ಪ್ರಯೋಗಿಸಿ, ನಿದ್ದೆಗೆ ಕೆಡವದೆಯೂ ರೋಗಿಯನ್ನು ಶಾಂತಗೊಳಿಸಬಹುದೆಂದು ತೋರಿಸಿದರು. ಹಳೆಯ ವಿಧಾನ ಅಲ್ಲಿಗೇ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಿಡ್ನಿಯ ಚೆಮ್ಸ್‌ಫರ್ಡ್ ಖಾಸಗಿ ಆಸ್ಪತ್ರೆಯಲ್ಲಿ ಹ್ಯಾರಿ ಬೈಲಿ 1963ರಿಂದ 1979ರವರೆಗೂ ರೋಗಿಗಳನ್ನು ದಿನಗಟ್ಟಲೆ ಪ್ರಜ್ಞೆ ತಪ್ಪಿಸಿಟ್ಟರು. ಮಲಗಿದ್ದಾಗಲೇ ವಿದ್ಯುತ್ ಆಘಾತವನ್ನೂ ಕೊಡಲಾಯಿತು, ಅದೂ ಹಲವರ ಒಪ್ಪಿಗೆಯಿಲ್ಲದೆ. 1990ರಲ್ಲಿ ವರದಿ ಕೊಟ್ಟ ವಿಚಾರಣಾ ಆಯೋಗ 24 ಸಾವುಗಳಿಗೆ ಈ ಚಿಕಿತ್ಸೆಯೇ ಕಾರಣವೆಂದಿತು. ಬೈಲಿ ಅಷ್ಟರಲ್ಲಿ, 1985ರಲ್ಲೇ, ಆತ್ಮಹತ್ಯೆ ಮಾಡಿಕೊಂಡಿದ್ದರು.

ಔಷಧದ ಮಂಪರನ್ನೂ ಸಹಜ ನಿದ್ದೆಯನ್ನೂ ಒಂದೆಂದು ತಿಳಿದದ್ದು ಇವರ ದೊಡ್ಡ ತಪ್ಪು. ರಾತ್ರಿಯಿಡೀ ಹಲವು ಹಂತಗಳಲ್ಲಿ ಏರಿಳಿಯುವುದು ಸಹಜ ನಿದ್ದೆಯ ಲಕ್ಷಣ. ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ಹಂತವನ್ನು ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ವರದಿ ಮಾಡಿದ್ದರು. ಬಾರ್ಬಿಟ್ಯುರೇಟುಗಳು ಆ ಹಂತವನ್ನೇ ಅದುಮುತ್ತವೆ.

ಹಾಗೆಂದು ನಿದ್ದೆಗೂ ರೋಗಕ್ಕೂ ನಂಟಿಲ್ಲವೆಂದಲ್ಲ. ನಿದ್ದೆಗೇಡು ರೋಗದ ಫಲ ಮಾತ್ರವಲ್ಲ, ಉನ್ಮಾದಕ್ಕೆ ಅದೇ ದಾರಿಯೂ ಆಗಬಲ್ಲದು ಎಂದು ಅಮೆರಿಕದ ಥಾಮಸ್ ವೆರ್ ಮತ್ತು ಸಂಗಡಿಗರು 1987ರಲ್ಲಿ ವಾದಿಸಿದರು. ಹೆರಿಗೆ, ದೂರ ಪ್ರಯಾಣ, ಸಾವಿನ ಮನೆಯ ಜಾಗರಣೆ, ಯಾವುದರಿಂದ ನಿದ್ದೆ ತಪ್ಪಿದರೂ ಆಗಲೇ ಆ ಕಾಯಿಲೆಯಿರುವವರು ಎಚ್ಚರ ವಹಿಸಬೇಕು. ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ ಭ್ರಮೆಗಳಿಂದ ಬಳಲುವ 50 ಮಂದಿಯಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಮಾತುಕತೆ ಮತ್ತು ದಿನಚರಿ ತಿದ್ದುವ ಚಿಕಿತ್ಸೆಯಿಂದ ನಿದ್ರಾಹೀನತೆ ಗಣನೀಯವಾಗಿ ಇಳಿಯಿತು. ಭ್ರಮೆಗಳೂ ಇಳಿದವೆಂದು ಮಾತ್ರ ಸಿದ್ಧಪಡಲಿಲ್ಲ.