ರೈತ, ಸೈನಿಕ, ಗೃಹಸ್ಥ: ಪುನೀತ ಫ್ರಾಂಜ್ ಯೇಗರ್‌ಸ್ಟೆಟರ್

ಧರ್ಮಕೇಂದ್ರವೊಂದರ ಚರಿತ್ರೆಯನ್ನು ಬರೆಯಲು ಕುಳಿತವರು ಸಾಮಾನ್ಯವಾಗಿ ಕಟ್ಟಡದಿಂದ ಆರಂಭಿಸುತ್ತಾರೆ. ಅಸ್ತಿಭಾರ ಹಾಕಿದ ವರ್ಷ, ಗಂಟೆಗೋಪುರ ಎದ್ದ ವರ್ಷ, ಸೇವೆ ಸಲ್ಲಿಸಿದ ಗುರುಗಳ ಹೆಸರುಗಳು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಇದ್ದೇ ಇರುತ್ತವೆ. ಆದರೆ ದೇವಾಲಯದ ಆಂತರಿಕ ಚರಿತ್ರೆ ಅಡಗಿರುವುದು ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳಲ್ಲಿ. ಅಲ್ಲಿನ ಒಂದೊಂದು ಹೆಸರಿನ ಹಿಂದೆಯೂ ಒಂದು ಆತ್ಮದ ಪಯಣವಿದೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ದೂರದ ಆಸ್ಟ್ರಿಯ ದೇಶದ ಒಂದು ಸಣ್ಣ ಧರ್ಮಕೇಂದ್ರದ ಪುಸ್ತಕದಲ್ಲಿದ್ದ ಅಂತಹ ಒಂದು ಹೆಸರನ್ನು ನಮ್ಮ ಭಕ್ತಾದಿಗಳ ಮುಂದಿಡಲು ಬಯಸುತ್ತೇವೆ. ಅವರು ಗುರುವಲ್ಲ, ಸನ್ಯಾಸಿಯಲ್ಲ. ಉಳುವ ರೈತ, ಮೂರು ಹೆಣ್ಣುಮಕ್ಕಳ ತಂದೆ, ಕೆಲಕಾಲ ಸೈನಿಕನ ಸಮವಸ್ತ್ರವನ್ನೂ ತೊಟ್ಟವರು. ಅವರೇ ಪುನೀತ ಫ್ರಾಂಜ್ ಯೇಗರ್‌ಸ್ಟೆಟರ್.

ಬಾಲ್ಯ ಮತ್ತು ಯೌವನ

ಫ್ರಾಂಜ್ ಹುಟ್ಟಿದ್ದು 1907ರ ಮೇ 20ರಂದು, ಉತ್ತರ ಆಸ್ಟ್ರಿಯದ ಸಾಂಕ್ಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ. ತಾಯಿ ರೊಸಾಲಿಯ ಹೂಬರ್ ಅವಿವಾಹಿತೆ, ಪರರ ಮನೆಯಲ್ಲಿ ಕೆಲಸಕ್ಕಿದ್ದವರು. ತಂದೆಯಾದವರು ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ಮಗುವನ್ನು ಸಾಕಿದ್ದು ದೈವಭಕ್ತೆಯಾದ ಅಜ್ಜಿ. 1917ರಲ್ಲಿ ತಾಯಿಯನ್ನು ಮದುವೆಯಾದ ಹೈನ್ರಿಕ್ ಯೇಗರ್‌ಸ್ಟೆಟರ್ ಎಂಬ ರೈತರು ಬಾಲಕನನ್ನು ದತ್ತು ಸ್ವೀಕರಿಸಿ ತಮ್ಮ ಹೆಸರನ್ನು ಕೊಟ್ಟರು. ಅವರ ಹೊಲಮನೆಯೇ ಮುಂದೆ ಫ್ರಾಂಜರ ಪಾಲಿಗೆ ಬಂದಿತು.

ಸಂತರ ಚರಿತ್ರೆಯೆಂದರೆ ತೊಟ್ಟಿಲಿನಿಂದಲೇ ಪವಿತ್ರತೆಯೆಂದು ಭಾವಿಸುವವರಿಗೆ ಈ ಜೀವನದಲ್ಲಿ ಆಶ್ಚರ್ಯ ಕಾದಿದೆ. ಯುವಕ ಫ್ರಾಂಜ್ ಹುರುಪಿನ ಆಳು, ಜಗಳಕ್ಕೂ ಹಿಂಜರಿಯದವನು. ಐಸೆನ್‌ಎರ್ಟ್ಸ್ ಎಂಬಲ್ಲಿನ ಕಬ್ಬಿಣದ ಗಣಿಗಳಲ್ಲಿ ಕೆಲವು ವರ್ಷ ದುಡಿದು, ಊರಿಗೇ ಮೊದಲನೆಯದಾದ ಮೋಟಾರ್ ಸೈಕಲ್ಲನ್ನು ತಂದವನು. 1933ರಲ್ಲಿ ವಿವಾಹಬಂಧನದ ಹೊರಗೆ ಒಂದು ಹೆಣ್ಣುಮಗುವಿನ ತಂದೆಯಾದನು. ಇದನ್ನು ಮರೆಮಾಚುವ ಅಗತ್ಯ ನಮಗೆ ಕಾಣದು. ದೇವರ ಕೃಪೆ ಎಂತಹ ಮಣ್ಣಿನಲ್ಲಿ ಬೇರೂರಬಲ್ಲದೆಂಬುದಕ್ಕೆ ಇದೇ ನಿದರ್ಶನ.

ಗೃಹಸ್ಥಾಶ್ರಮ

1936ರ ಏಪ್ರಿಲ್ 9, ಪವಿತ್ರ ಗುರುವಾರದಂದು ಫ್ರಾಂಜರು ಫ್ರಾಂಜಿಸ್ಕ ಶ್ವಾನಿಂಗರ್ ಎಂಬಾಕೆಯನ್ನು ವರಿಸಿದರು. ನವದಂಪತಿಗಳು ಮದುವೆಯಾದೊಡನೆ ಹೊರಟದ್ದು ರೋಮ್ ನಗರದ ಯಾತ್ರೆಗೆ. ಇಬ್ಬರೂ ಕೂಡಿ ಪ್ರಾರ್ಥಿಸಿದರು, ಕೂಡಿ ಪವಿತ್ರ ಗ್ರಂಥವನ್ನು ಓದಿದರು, ಕೂಡಿ ಹೊಲದಲ್ಲಿ ದುಡಿದರು. 1937ರಿಂದ 1940ರ ಒಳಗೆ ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಫ್ರಾಂಜರ ವಿಶ್ವಾಸ ಪಕ್ವವಾದದ್ದು ಯಾವುದೇ ಮಠದಲ್ಲಲ್ಲ. ದನಕರುಗಳ ಕೊಟ್ಟಿಗೆ ಹಾಗೂ ಮಕ್ಕಳ ತೊಟ್ಟಿಲುಗಳ ನಡುವೆ ಎಂಬುದನ್ನು ನಮ್ಮ ದಂಪತಿಗಳು ಗಮನಿಸಬೇಕು.

ಅಷ್ಟರಲ್ಲಿ ದೇಶಕ್ಕೆ ಕತ್ತಲು ಕವಿಯಿತು. 1938ರ ಮಾರ್ಚ್ ತಿಂಗಳಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಪ್ರವೇಶಿಸಿತು. ಅದಕ್ಕೆ ಮುನ್ನ, ಜನವರಿಯಲ್ಲಿ, ಫ್ರಾಂಜರಿಗೆ ಒಂದು ಕನಸು ಬಿದ್ದಿತ್ತು: ಬೆಟ್ಟವನ್ನು ಸುತ್ತಿ ಬರುವ ಒಂದು ಸೊಗಸಾದ ರೈಲು, ಅದನ್ನು ಹತ್ತಲು ಮುಗಿಬೀಳುವ ಹಿರಿಯರು ಕಿರಿಯರು, ಅದು ನರಕಕ್ಕೆ ಹೋಗುವ ರೈಲೆಂದು ಎಚ್ಚರಿಸುವ ಒಂದು ಧ್ವನಿ. ನಾಜಿ ಪಕ್ಷವೇ ಆ ರೈಲೆಂದು ಅವರು ಅರ್ಥಮಾಡಿಕೊಂಡರು. ಏಪ್ರಿಲ್ 10ರ ಜನಮತಗಣನೆಯಲ್ಲಿ ಇಡೀ ಹಳ್ಳಿಯಲ್ಲಿ ವಿರುದ್ಧವಾಗಿ ಮತ ನೀಡಿದವರು ಅವರೊಬ್ಬರೇ.

ಸೈನಿಕನ ಸಂಕಟ

1940ರ ಜೂನ್ ತಿಂಗಳಲ್ಲಿ ಸೇನೆಯಿಂದ ಕರೆ ಬಂದಿತು. ಹಿಟ್ಲರನ ಹುಟ್ಟೂರಾದ ಬ್ರೌನೌ ಪಟ್ಟಣದಲ್ಲಿಯೇ ಫ್ರಾಂಜರು ಸೈನಿಕ ಪ್ರಮಾಣ ಸ್ವೀಕರಿಸಿದರು. ಬೇಸಾಯಕ್ಕೆ ಆಳು ಬೇಕೆಂದು ಊರಿನ ಮೇಯರ್ ಮನವಿ ಮಾಡಿದ್ದರಿಂದ ಕೆಲವೇ ದಿನಗಳಲ್ಲಿ ಬಿಡುಗಡೆ ದೊರೆಯಿತಾದರೂ ಅಕ್ಟೋಬರಿನಲ್ಲಿ ಮತ್ತೆ ಕರೆ ಬಂದಿತು. ಎನ್ಸ್ ಪಟ್ಟಣದಲ್ಲಿ ಸೇನಾ ವಾಹನ ಚಾಲಕರಾಗಿ ತರಬೇತಿ ಪಡೆದರು. ಅಲ್ಲಿಯೇ, ಡಿಸೆಂಬರ್ 8ರ ಮಾತೆಯ ಹಬ್ಬದಂದು, ಸಂತ ಫ್ರಾನ್ಸಿಸರ ಮೂರನೆಯ ಸಭೆಯನ್ನು ಸೇರಿದರು. 1941ರ ಏಪ್ರಿಲ್‌ನಲ್ಲಿ ಮನೆಗೆ ಮರಳುವಷ್ಟರಲ್ಲಿ ಅವರ ನಿರ್ಧಾರ ಗಟ್ಟಿಯಾಗಿತ್ತು: ಇದು ಅನ್ಯಾಯದ ಯುದ್ಧ, ಇನ್ನೊಮ್ಮೆ ಕರೆ ಬಂದರೆ ಹೋಗಲಾರೆ. ಆ ಬೇಸಿಗೆಯಿಂದ ಅವರು ತಮ್ಮ ದೇವಾಲಯದಲ್ಲಿ ಪೂಜಾಪೀಠವನ್ನು ಸಜ್ಜುಗೊಳಿಸುವ ಸೇವೆಯನ್ನು ವಹಿಸಿಕೊಂಡು ದಿನವೂ ಬಲಿಪೂಜೆಯಲ್ಲಿ ಭಾಗಿಯಾದರು.

ಅವರಿಗೆ ಸಲಹೆ ನೀಡದವರೇ ಇರಲಿಲ್ಲ. ತಾಯಿ ಅತ್ತರು, ನೆಂಟರು ಬೈದರು, ಹೆಂಡತಿ ಮಕ್ಕಳ ಗತಿಯೇನೆಂದು ಊರು ಕೇಳಿತು. ವಿಚಾರಣಾ ಗುರುಗಳಾಗಿದ್ದ ಯೋಸೆಫ್ ಕಾರೋಬಾತರು ನಾಜಿಗಳ ವಿರುದ್ಧ ಪ್ರಬೋಧಿಸಿ 1940ರಲ್ಲಿ ಬಂಧನಕ್ಕೊಳಗಾಗಿ, ಆ ಊರಿನಿಂದಲೇ ಹೊರದೂಡಲ್ಪಟ್ಟವರು. ಅಂತಹವರೂ ಫ್ರಾಂಜರ ಪ್ರಾಣ ಉಳಿಸಲೆಂದು ವಾದಿಸಿದರು; ಪ್ರತಿಬಾರಿಯೂ ಪವಿತ್ರ ಗ್ರಂಥದ ಆಧಾರದಿಂದ ಫ್ರಾಂಜರೇ ಗೆದ್ದರೆಂದು ಅವರೇ ಒಪ್ಪಿಕೊಂಡಿದ್ದಾರೆ. ಫ್ರಾಂಜರು ಲಿಂಟ್ಸ್ ನಗರಕ್ಕೆ ಹೋಗಿ ಧರ್ಮಾಧ್ಯಕ್ಷರಾದ ಫ್ಲೀಸರ್ ಅವರನ್ನು ಕಂಡರು. ಅಲ್ಲಿಯೂ ದೊರೆತದ್ದು, ಕುಟುಂಬದ ಹೊಣೆಯನ್ನು ನೆನೆಯಬೇಕೆಂಬ ಬುದ್ಧಿವಾದ.

ಇಲ್ಲಿ ಗುರುಗಳಾದ ನಾವು ಕ್ಷಣಕಾಲ ನಿಂತು ಯೋಚಿಸಬೇಕಾಗಿದೆ. ದೈವಶಾಸ್ತ್ರ ಓದಿದವರು ಒಂದು ಕಡೆ, ಹಳ್ಳಿಯ ಶಾಲೆಯಲ್ಲಿ ಮಾತ್ರ ಕಲಿತ ರೈತ ಇನ್ನೊಂದು ಕಡೆ. ಸತ್ಯವನ್ನು ಸ್ಪಷ್ಟವಾಗಿ ಕಂಡವನು ರೈತ. ಸಲಹೆ ನೀಡಿದವರು ಕೆಟ್ಟವರಲ್ಲ. ಅಳುವ ಮಕ್ಕಳನ್ನು ಕಂಡು ಮರುಗಿದವರು. ಅವರ ಸ್ಥಾನದಲ್ಲಿ ನಾವಿದ್ದಿದ್ದರೆ ಬಹುಶಃ ನಾವೂ ಅದನ್ನೇ ಹೇಳುತ್ತಿದ್ದೆವು. ಭಕ್ತರ ಮನಸ್ಸಾಕ್ಷಿಯನ್ನು ತಿದ್ದುವುದಷ್ಟೇ ಅಲ್ಲ, ಕೆಲವೊಮ್ಮೆ ಅದರ ಮುಂದೆ ತಲೆಬಾಗಿ ಕೇಳಿಸಿಕೊಳ್ಳುವುದೂ ಗುರುವಿನ ಕರ್ತವ್ಯವೆಂದು ಈ ಪ್ರಸಂಗ ನಮಗೆ ಕಲಿಸುತ್ತದೆ.

ಫ್ರಾಂಜಿಸ್ಕರೂ ಮೊದಲು ಗಂಡನ ಮನಸ್ಸನ್ನು ಬದಲಿಸಲು ಯತ್ನಿಸಿದವರೇ. ಆದರೆ ಎಲ್ಲರೂ ಅವರ ಮೇಲೆ ಎರಗಿದಾಗ, ತಾನೂ ಎದುರು ನಿಂತರೆ ಅವರಿಗೆ ಯಾರೂ ಇಲ್ಲದಂತಾಗುವುದೆಂದು ತಿಳಿದು ಪಕ್ಕದಲ್ಲಿ ನಿಂತರು. ಪವಿತ್ರ ಗುರುವಾರ ಮಾಡಿದ ವಿವಾಹ ವಾಗ್ದಾನದ ಬೆಲೆಯನ್ನು ಆಕೆಯಷ್ಟು ತೆತ್ತವರು ವಿರಳ.

ಸೆರೆ ಮತ್ತು ಮರಣ

1943ರ ಮಾರ್ಚ್ 1ರಂದು ಫ್ರಾಂಜರು ಎನ್ಸ್ ಪಟ್ಟಣದ ಸೇನಾ ನೆಲೆಗೆ ತಾವಾಗಿ ಹೋಗಿ, ಆಯುಧ ಹಿಡಿಯಲಾರೆನೆಂದು ತಿಳಿಸಿದರು. ಗಾಯಾಳುಗಳ ಶುಶ್ರೂಷೆಗೆ ಸಿದ್ಧನೆಂದರೂ ಅಧಿಕಾರಿಗಳು ಮನ್ನಿಸಲಿಲ್ಲ. ಮೊದಲು ಲಿಂಟ್ಸ್ ಸೆರೆಮನೆ, ಮೇ ತಿಂಗಳಿನಿಂದ ಬರ್ಲಿನ್ನಿನ ಟೇಗೆಲ್ ಸೆರೆಮನೆ. ಮೂವರು ಪುಟ್ಟ ಮಕ್ಕಳು, ಅಪ್ಪ ಬೇಗ ಬರಲೆಂದು ಬರೆದ ಫಲಕವನ್ನು ಹಿಡಿದು ತೆಗೆಸಿಕೊಂಡ ಭಾವಚಿತ್ರ ಅವರಿಗೆ ತಲುಪಿತು. ಅದನ್ನು ಕಂಡ ತಂದೆಯ ಹೃದಯ ಏನಾಗಿರಬೇಕೆಂಬುದನ್ನು ಮಕ್ಕಳಿರುವವರೇ ಬಲ್ಲರು. ಮನಸ್ಸಾಕ್ಷಿಗಾಗಿ ಪ್ರಾಣ ಕೊಟ್ಟವರಲ್ಲಿ ತಾವು ಮೊದಲಿಗರಲ್ಲವೆಂಬ ಸಮಾಧಾನವೂ ಟೇಗೆಲ್‌ನಲ್ಲಿ ದೊರೆಯಿತು. ಪಲ್ಲೊಟ್ಟಿನ್ ಸಭೆಯ ಗುರು ಫ್ರಾಂಜ್ ರೈನಿಷ್ ಅವರು ಹಿಟ್ಲರನಿಗೆ ಪ್ರಮಾಣ ಮಾಡಲೊಪ್ಪದೆ 1942ರಲ್ಲಿಯೇ ಮರಣದಂಡನೆಗೆ ಗುರಿಯಾಗಿದ್ದ ಸಂಗತಿಯನ್ನು ಸೆರೆಮನೆಯ ಗುರುಗಳು ಅವರಿಗೆ ತಿಳಿಸಿದರು.

ಜುಲೈ 6ರಂದು ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದೇ ತಿಂಗಳಲ್ಲಿ ಫ್ರಾಂಜಿಸ್ಕರು ಬರ್ಲಿನ್ನಿಗೆ ಹೋಗಿ ಗಂಡನನ್ನು ಕಡೆಯ ಬಾರಿ ಕಂಡರು. 1943ರ ಆಗಸ್ಟ್ 9ರಂದು ಬ್ರಾಂಡೆನ್‌ಬರ್ಗ್ ಸೆರೆಮನೆಯಲ್ಲಿ ಫ್ರಾಂಜರ ಶಿರಚ್ಛೇದನವಾಯಿತು. ಆಗ ಅವರಿಗೆ 36 ವರ್ಷ. ಕೊನೆಯ ಗಳಿಗೆಗಳಲ್ಲಿ ಜೊತೆಗಿದ್ದ ಗುರು ಯೋಹ್‌ಮಾನ್ ಅವರು, ತಮ್ಮ ಜೀವನದಲ್ಲಿ ತಾವು ಕಂಡ ಒಬ್ಬನೇ ಸಂತ ಈತನೆಂದು ಆನಂತರ ಧರ್ಮಭಗಿನಿಯರೊಡನೆ ಹೇಳಿದರು.

ತಡವಾಗಿ ಬಂದ ಮನ್ನಣೆ

ಯುದ್ಧ ಮುಗಿದರೂ ಫ್ರಾಂಜಿಸ್ಕರ ಶಿಲುಬೆ ಇಳಿಯಲಿಲ್ಲ. ಊರಿನಲ್ಲಿ ಮಡಿದ ಸೈನಿಕರ ಮನೆಗಳಿದ್ದವು. ಅವರ ನಡುವೆ ಈ ವಿಧವೆ ನಿಂದೆಯನ್ನು ಮೌನವಾಗಿ ಸಹಿಸಿದರು. ಸರ್ಕಾರದ ವಿಧವಾ ವೇತನವೂ ದೊರೆತದ್ದು 1950ರಲ್ಲಿ. ಫ್ರಾಂಜರ ಚಿತಾಭಸ್ಮವನ್ನು 1946ರಲ್ಲಿ ಊರಿಗೆ ತಂದು ದೇವಾಲಯದ ಗೋಡೆಯ ಬದಿಯಲ್ಲಿ ಸಮಾಧಿ ಮಾಡಲಾಯಿತಾದರೂ, ಅವರ ಕುರಿತ ಲೇಖನವೊಂದು ಧರ್ಮಪ್ರಾಂತ್ಯದ ಪತ್ರಿಕೆಯಲ್ಲಿ ಪ್ರಕಟವಾಗಲು ಆಗ ಅನುಮತಿ ಸಿಗಲಿಲ್ಲ.

ಅಮೆರಿಕದ ಗಾರ್ಡನ್ ಝಾನ್ ಎಂಬ ವಿದ್ವಾಂಸರು 1964ರಲ್ಲಿ ಬರೆದ ಪುಸ್ತಕದಿಂದ ಈ ರೈತನ ಹೆಸರು ಲೋಕಕ್ಕೆ ತಿಳಿಯಿತು. ಮರುವರ್ಷ ದ್ವಿತೀಯ ವ್ಯಾಟಿಕನ್ ಮಹಾಸಭೆ ಯುದ್ಧ ಶಾಂತಿಗಳ ವಿಷಯವನ್ನು ಚರ್ಚಿಸುತ್ತಿದ್ದಾಗ ಫ್ರಾಂಜರ ನಿದರ್ಶನವನ್ನು ಧರ್ಮಪಿತೃಗಳ ಮುಂದಿಟ್ಟವರು, ಹಿಂದೆ ನಮ್ಮ ಮುಂಬಯಿಯ ಮಹಾಧರ್ಮಾಧ್ಯಕ್ಷರಾಗಿದ್ದ ಥಾಮಸ್ ರಾಬರ್ಟ್ಸ್ ಅವರು. ದೇಶರಕ್ಷಣೆಗೆ ನಿಂತ ಸೈನಿಕರನ್ನು ಜನತೆಯ ಸ್ವಾತಂತ್ರ್ಯದ ಸೇವಕರೆಂದು ಆ ಮಹಾಸಭೆ ಗೌರವಿಸಿತು. ಮನಸ್ಸಾಕ್ಷಿಯ ಕಾರಣದಿಂದ ಆಯುಧ ಹಿಡಿಯಲೊಪ್ಪದವರನ್ನು ಕಾನೂನು ಮಾನವೀಯವಾಗಿ ಕಾಣಬೇಕೆಂದೂ ಕೇಳಿತು. 1997ರಲ್ಲಿ ಬರ್ಲಿನ್ ನ್ಯಾಯಾಲಯ ಹಳೆಯ ತೀರ್ಪನ್ನು ರದ್ದುಪಡಿಸಿತು. 2007ರ ಅಕ್ಟೋಬರ್ 26ರಂದು ಲಿಂಟ್ಸ್ ಪ್ರಧಾನಾಲಯದಲ್ಲಿ ಫ್ರಾಂಜರನ್ನು ಪುನೀತರೆಂದು ಘೋಷಿಸಿದಾಗ 94 ವರ್ಷದ ಫ್ರಾಂಜಿಸ್ಕರು ಮಕ್ಕಳೊಡನೆ ಅಲ್ಲಿದ್ದರು. ಆಕೆ 2013ರಲ್ಲಿ, ನೂರು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು.

ಫ್ರಾಂಜರು ಹೆಂಡತಿ ಮಕ್ಕಳನ್ನು ಕೈಬಿಟ್ಟರೆಂಬುದು ಊರಿನವರ ದೂರಾಗಿತ್ತು. ಅವರ ಪತ್ರಗಳನ್ನು ಓದಿದವರು ಹಾಗೆನ್ನಲಾರರು. ಮಕ್ಕಳಿಗೆ ಹೊಲಮನೆಯೊಡನೆ ಕಳಂಕವಿಲ್ಲದ ವಿಶ್ವಾಸವನ್ನೂ ಉಳಿಸಿಹೋಗುವುದು ತಂದೆಯ ಕರ್ತವ್ಯವೆಂದು ಅವರು ನಂಬಿದ್ದರು. ಹಾಗೆಂದು ಯುದ್ಧಕ್ಕೆ ಹೋದ ನೆರೆಯವರನ್ನು ಅವರು ಎಂದೂ ತೀರ್ಪುಮಾಡಲಿಲ್ಲ.

ನಮ್ಮ ಧರ್ಮಕೇಂದ್ರದ ನೂರು ವರ್ಷಗಳ ದಾಖಲೆ ಪುಸ್ತಕಗಳಲ್ಲಿ ಎಷ್ಟೊಂದು ರೈತರ, ಸೈನಿಕರ, ತಂದೆತಾಯಂದಿರ ಹೆಸರುಗಳಿವೆ! ಅವರಲ್ಲಿ ಯಾರು ಯಾವ ಪರೀಕ್ಷೆಯನ್ನು ಗೆದ್ದರೆಂಬುದನ್ನು ದೇವರೊಬ್ಬರೇ ಬಲ್ಲರು. ಎರಡನೆಯ ಶತಮಾನಕ್ಕೆ ಕಾಲಿಡುವ ನಾವು ನಮ್ಮ ಮಕ್ಕಳಿಗೆ ಭವ್ಯವಾದ ದೇವಾಲಯದೊಡನೆ ನಿರ್ಮಲವಾದ ಮನಸ್ಸಾಕ್ಷಿಯನ್ನೂ ಬಿಟ್ಟುಹೋಗುವಂತಾಗಲಿ.

ಪುನೀತ ಫ್ರಾಂಜರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.