ಕಾಣದ ಉಡುಪಿನ ವ್ಯಾಪಾರ

ಉಡುಪನ್ನು ತೊಟ್ಟು ನೋಡದೆ ಕೊಳ್ಳುವಾಗಿನ ಸಂದೇಹವು ಅಂತರ್ಜಾಲದೊಡನೆ ಹುಟ್ಟಿದುದಲ್ಲ. 1872ರಲ್ಲಿ ಷಿಕಾಗೋದ ವರ್ತಕ ಮಾಂಟ್‌ಗೊಮರಿ ವಾರ್ಡನು ಬೆಲೆಪಟ್ಟಿಯ ಮೂಲಕ ಅಂಚೆವ್ಯಾಪಾರವನ್ನಾರಂಭಿಸಿ, 1875ರಲ್ಲಿ ತೃಪ್ತಿಯಾಗದವರಿಗೆ ಹಣ ಹಿಂದಿರುಗಿಸುವ ವಾಗ್ದಾನವನ್ನಿತ್ತನು. ಸಂದೇಹಕ್ಕೆ ದೊರೆತ ಹಳೆಯ ಪರಿಹಾರವಿದು.

ಹೊಸ ಪರಿಹಾರವು ಬಿಂಬ. 1968ರಲ್ಲಿ ಐವನ್ ಸದರ್ಲೆಂಡನು ತಲೆಗೆ ಧರಿಸುವ ಸಾಧನದಿಂದ, ಕಣ್ಣೆದುರಿನ ನೋಟದ ಮೇಲೆಯೇ ಗಣಕದ ರೇಖಾಚಿತ್ರಗಳನ್ನು ಮೂಡಿಸಿ ತೋರಿಸಿದನು. ಆಗ್ಮೆಂಟೆಡ್ ರಿಯಾಲಿಟಿ, ಅಂದರೆ ವರ್ಧಿತ ವಾಸ್ತವ, ಎಂದು ಮುಂದೆ ಹೆಸರಾದ ಈ ವಿದ್ಯೆಯು ಇಂದು ಮೊಬೈಲಿನ ತೆರೆಯಲ್ಲಿ ಗ್ರಾಹಕನ ಬಿಂಬಕ್ಕೆ ಅಂಗಿ ತೊಡಿಸುತ್ತದೆ. ಬಣ್ಣವು ಒಪ್ಪುವುದೇ ಎಂಬುದನ್ನು ಅದು ಸೂಚಿಸಬಲ್ಲದು. ಬಟ್ಟೆಯ ಒರಟುತನವನ್ನು ಮೈಗೆ ತಿಳಿಸಲಾರದು.

ಆದುದರಿಂದ ಬಿಂಬವು ವಾಗ್ದಾನಕ್ಕೆ ನೆರವೇ ಹೊರತು ಬದಲಲ್ಲವೆಂದು ನಾವು ಭಾವಿಸುತ್ತೇವೆ. ಬಿಂಬವನ್ನು ತೋರಿಸಿದೆವೆಂದು ವಾಗ್ದಾನವನ್ನು ಹಿಂತೆಗೆದುಕೊಂಡರೆ, ನಷ್ಟವೆಲ್ಲವೂ ಕೊಳ್ಳುವವನ ಪಾಲಿಗೇ ಬೀಳುವುದು.