ಬಂಡ್ರಿಗೆ ಎಷ್ಟು ಬೈಟ್?

ಸರ್ವರ್ ನೋಡಿಕೊಳ್ಳುವವರ ಕಂಪ್ಯೂಟರ್ ಪರದೆಯನ್ನು ನೀವು ಗಮನಿಸಿದ್ದೀರಾ? ಅಲ್ಲಿ ಮೌಸ್‌ಗೆ ಹೆಚ್ಚು ಕೆಲಸವಿಲ್ಲ. ಕಡತಗಳ ಪಟ್ಟಿಗೆ ‘ಎಲ್‌ಎಸ್’, ನಕಲಿಗೆ ‘ಸಿಪಿ’, ಡಿಸ್ಕ್‌ನಲ್ಲಿ ಉಳಿದ ಜಾಗ ತಿಳಿಯಲು ‘ಡಿಎಫ್’, ನಡೆಯುತ್ತಿರುವ ಕೆಲಸಗಳನ್ನು ನೋಡಲು ‘ಪಿಎಸ್’. ಎಲ್ಲವೂ ಎರಡಕ್ಷರದ ಆದೇಶಗಳು. ಇಷ್ಟೊಂದು ಜಿಪುಣತನವೇಕೆ?

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ರೂಪಿಸತೊಡಗಿದರು. ಆಗಿನ ಟೆಲಿಟೈಪ್ ಯಂತ್ರ ಸೆಕೆಂಡಿಗೆ ಸುಮಾರು 10 ಅಕ್ಷರಗಳನ್ನಷ್ಟೇ ಮುದ್ರಿಸುತ್ತಿತ್ತು. ಹೆಸರು ಚಿಕ್ಕದಾದಷ್ಟೂ ಲೇಸು! 1973ರಲ್ಲಿ ಡಗ್ ಮೆಕಿಲ್ರಾಯ್ ಅವರ ಸಲಹೆಯಂತೆ ‘ಪೈಪ್’ ಬಂತು. ‘ಗ್ರೆಪ್’ ಹೆಕ್ಕಿದ ಸಾಲುಗಳನ್ನು ‘ಡಬ್ಲ್ಯೂಸಿ’ಗೆ ಹರಿಸಿ ಎಣಿಸುವುದು ಇದರಿಂದ ಸಾಧ್ಯವಾಯಿತು.

ಆದರೆ ಇವೆಲ್ಲ ಅಕ್ಷರಕ್ಕೊಂದು ಬೈಟ್ ಸಾಕಾಗುವ ಇಂಗ್ಲಿಷಿಗೆ ಹೊಂದಿದ್ದವು. 1991ರ ಯುನಿಕೋಡ್‌ನಲ್ಲಿ ಕನ್ನಡಕ್ಕೂ ಸ್ಥಾನ ದೊರೆಯಿತು; ಅಲ್ಲಿ ಪ್ರತಿ ಸಂಕೇತಕ್ಕೆ ಎರಡು ಬೈಟ್. ತೊಡಕು ಇಲ್ಲೇ ಇತ್ತು. ಯುನಿಕ್ಸ್‌ಗೆ 0 ಎಂಬ ಬೈಟ್ ಎಂದರೆ ಹೆಸರು ಮುಗಿಯಿತು ಎಂದರ್ಥ. 47 ಎಂದರೆ ಕಡತಕೋಶಗಳನ್ನು ಬೇರ್ಪಡಿಸುವ ಓರೆಗೆರೆ. ತೆಲುಗಿನ ‘ಯ’ ಅಕ್ಷರದ ಬೈಟ್‌ಗಳು 12 ಮತ್ತು 47! ಕನ್ನಡ ಹೆಸರಿನ ನಡುವೆ ಒಂದು ಇಂಗ್ಲಿಷ್ ಅಕ್ಷರ ಬಂದರೂ ಸೊನ್ನೆ ಬೈಟ್ ನುಸುಳಿ, ಹೆಸರು ಅಲ್ಲಿಗೇ ತುಂಡಾಗುತ್ತಿತ್ತು.

1992ರ ಸೆಪ್ಟೆಂಬರಿನಲ್ಲಿ ಅದೇ ಥಾಂಪ್ಸನ್, ರಾಬ್ ಪೈಕ್ ಜೊತೆ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಿದ್ದಾಗ, ತಟ್ಟೆಯಡಿಯ ಕಾಗದದ ಮೇಲೆ ಪರಿಹಾರ ಬರೆದರು. ಅದೇ ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲಿನಂತೆಯೇ ಇರುತ್ತವೆ. ಉಳಿದ ಲಿಪಿಗಳ ಪ್ರತಿಯೊಂದು ಬೈಟ್ 128 ಅಥವಾ ಅದಕ್ಕಿಂತ ಹೆಚ್ಚು. ಹೀಗಾಗಿ 0 ಅಥವಾ 47 ಎಂದೂ ತಪ್ಪಾಗಿ ಮೂಡುವುದಿಲ್ಲ. ಹಳೆಯ ಆದೇಶಗಳು ಕನ್ನಡದ ಹೆಸರುಗಳನ್ನು ಕೆಡಿಸದೆ ಸಾಗಿಸುವುದಕ್ಕೆ ಇದೇ ಕಾರಣ.

ಇದಕ್ಕೆ ತೆರುವ ಬೆಲೆಯೂ ಉಂಟು. ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಸಂಡೂರು ತಾಲ್ಲೂಕಿನ ‘ಬಂಡ್ರಿ’ಯನ್ನೇ ಬಿಡಿಸಿ: ಬ, ಅನುಸ್ವಾರ, ಡ, ಹಲಂತ ಚಿಹ್ನೆ, ರ, ಇಕಾರ. ಆರು ಸಂಕೇತ, 18 ಬೈಟ್. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಸಾಮಾನ್ಯವಾಗಿ 255 ಬೈಟ್ ಮಿತಿ. ಎಂದರೆ ಕನ್ನಡಕ್ಕೆ 85 ಸಂಕೇತ ಮಾತ್ರ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಕಾರ್ಯಾರಂಭ ಮಾಡಿದ ‘ಪರಮ್ ಪ್ರವೇಗ’ ಮಹಾಗಣಕಕ್ಕೂ, ನಿಮ್ಮ ಶಾಲೆಯ ಹಳೆಯ ಲಿನಕ್ಸ್ ಕಂಪ್ಯೂಟರಿಗೂ ಇವೇ ಆದೇಶಗಳು. ಒಂದು ಕಡತದಲ್ಲಿ ‘ಬಂಡ್ರಿ’ ಎಂದಷ್ಟೇ ಬರೆದು ‘ಡಬ್ಲ್ಯೂಸಿ’ಯಿಂದ ಬೈಟ್‌ಗಳನ್ನು ಎಣಿಸಿ ನೋಡಿ. 19 ಬಂದರೆ ಗಾಬರಿ ಬೇಡ. ಸಾಲು ಮುಗಿಯಿತೆಂಬ ಗುರುತಿಗೂ ಒಂದು ಬೈಟ್ ಬೇಕಲ್ಲವೇ?